ಅಗ್ಗದ ಲೇಪವೂ ಬಾಳುವ ಲೇಪವೂ: ಜಲಜನಕದ ಉತ್ಪಾದನೆಯ ವಿಷಯವಾಗಿ ಒಂದು ಅಭ್ಯಾಸಲೇಖ



ನಮ್ಮ ಐಗಳಿಯ ಸುತ್ತುಮುತ್ತಲಿನ ಮನೆಗಳಲ್ಲಿ ತಾಮ್ರ ಹಿತ್ತಾಳೆಗಳ ಪಾತ್ರೆಗಳು ನಿತ್ಯದ ಬಳಕೆಯಲ್ಲಿದ್ದ ಕಾಲಕ್ಕೆ ಕಲಾಯಿ ಎಂಬ ಮಾತನ್ನು ಅರಿಯದ ಗೃಹಿಣಿಯು ಇರಲಿಲ್ಲ. ಕಲಾಯಿಗಾರನು ಪಾತ್ರೆಯನ್ನು ಚೆನ್ನಾಗಿ ತಿಕ್ಕಿ ತೊಳೆದು, ಇದ್ದಲಿಯ ಬೆಂಕಿಯ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ತವರವನ್ನು ತಾಗಿಸಿ, ಅರಳೆಯಿಂದ ಒರೆಸುತ್ತಿದ್ದನು. ಕಲಾಯಿಯಾದ ದಿನ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಒಂದೇ ತೆರನಾಗಿ ಬೆಳ್ಳಿಯಂತೆ ಹೊಳೆಯುವವು. ಅವುಗಳ ಭೇದವು ಗೊತ್ತಾಗುವದು ಆ ಪಾತ್ರೆಯಲ್ಲಿ ಆರು ತಿಂಗಳು ಹುಣಿಸೆಯ ಸಾರು ಕುದಿದ ಮೇಲೆಯೇ. ಒಂದರಲ್ಲಿ ತವರವು ಇನ್ನೂ ಗಟ್ಟಿಯಾಗಿ ಹಿಡಿದಿರುವದು. ಇನ್ನೊಂದರಲ್ಲಿ ಅಲ್ಲಲ್ಲಿ ಕೆಂಪು ತಾಮ್ರವು ಇಣುಕುವದು.

ಇಂದು ಜಗತ್ತಿನ ದೊಡ್ಡ ಪ್ರಯೋಗಶಾಲೆಗಳಲ್ಲಿ ನಡೆದಿರುವ ಒಂದು ಶೋಧವು ಇದೇ ಜಾತಿಯದಾಗಿದೆ. ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯುವ ಯಂತ್ರಗಳಲ್ಲಿ ಲೋಹದ ತಗಡುಗಳ ಮೇಲೆ ತೆಳುವಾದ ಲೇಪವಿರುವದು. ಆ ಲೇಪವು ಬೆಲೆಬಾಳುವ ಲೋಹದ್ದಾದರೆ ಯಂತ್ರವು ತುಟ್ಟಿಯಾಗುವದು. ಅಗ್ಗದ ಲೋಹದ್ದಾದರೆ ಎಷ್ಟು ದಿನ ಬಾಳುವದೆಂಬ ಸಂಶಯವು ಹುಟ್ಟುವದು. ಅಗ್ಗದ ಲೇಪವನ್ನು ಅದರ ಮೊದಲನೆಯ ದಿನದ ಹೊಳಪಿನಿಂದ ಅಳೆಯದೆ ಅದರ ಬಾಳಿಕೆಯಿಂದ ಅಳೆಯಬೇಕೆಂಬದೇ ಈ ಪಾಠದ ತಿರುಳು. ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತು ಮರೆತವರಿಗೂ ತಿಳಿಯುವಂತೆ ಮೊದಲಿನಿಂದ ಹೇಳುವೆವು.

1. ಜಲಜನಕದಿಂದ ನಮಗೇನು?

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲ್ಲೂಕುಗಳ ರೈತನಿಗೆ ಜಲಜನಕವು ದೂರದ ವಸ್ತುವೆಂದು ತೋರಬಹುದು. ಆದರೆ ಕಬ್ಬಿನ ಹೊಲಕ್ಕೆ ಅವನು ಹೊತ್ತು ತರುವ ಯೂರಿಯಾದ ಚೀಲದಲ್ಲಿ ಅದೇ ಅಡಗಿರುವದು. ಯೂರಿಯಾವನ್ನು ಅಮೋನಿಯಾದಿಂದಲೂ ಇಂಗಾಲದ ಡೈಆಕ್ಸೈಡಿನಿಂದಲೂ ಮಾಡುತ್ತಾರೆ. ಅಮೋನಿಯಾವನ್ನು ಗಾಳಿಯ ಸಾರಜನಕಕ್ಕೆ ಜಲಜನಕವನ್ನು ಕೂಡಿಸಿ ಮಾಡುತ್ತಾರೆ. ಲೆಕ್ಕ ಹಾಕಿ ನೋಡಿದರೆ 45 ಕಿಲೋಗ್ರಾಮಿನ ಒಂದು ಚೀಲ ಯೂರಿಯಾಕ್ಕೆ ಸುಮಾರು 25.5 ಕಿಲೋಗ್ರಾಮು ಅಮೋನಿಯಾವೂ, ಅಷ್ಟು ಅಮೋನಿಯಾಕ್ಕೆ ಸುಮಾರು 4.5 ಕಿಲೋಗ್ರಾಮು ಜಲಜನಕವೂ ಬೇಕು. ಅಂದರೆ ಚೀಲದ ತೂಕದ ಹತ್ತನೆಯ ಒಂದು ಪಾಲು ಜಲಜನಕವನ್ನು ಎಲ್ಲಿಂದಲಾದರೂ ತರಲೇಬೇಕು.

ನಮ್ಮ ದೇಶದಲ್ಲಿ ಈ ಜಲಜನಕವು ಬಹುತರವಾಗಿ ನೈಸರ್ಗಿಕ ಅನಿಲದಿಂದ ಬರುತ್ತದೆ. ಆ ಅನಿಲದ ಒಂದು ದೊಡ್ಡ ಪಾಲು ಪರದೇಶಗಳಿಂದ ಹಡಗಿನಲ್ಲಿ ಬರತಕ್ಕದ್ದು. ರೈತನು ಅಂಗಡಿಯಲ್ಲಿ ಕೊಡುವ ಬೆಲೆಯು ಸರಕಾರದ ಸಹಾಯಧನದಿಂದ ಕಡಿಮೆಯಾಗಿ ಕಾಣುವದು ನಿಜ. ಉಳಿದ ಭಾರವನ್ನು ದೇಶದ ಬೊಕ್ಕಸವು ಹೊರುತ್ತದೆ. ಅನಿಲದಿಂದ ಜಲಜನಕವನ್ನು ತೆಗೆಯುವಾಗ ಇಂಗಾಲದ ಡೈಆಕ್ಸೈಡು ಹೇರಳವಾಗಿ ಹೊರಬೀಳುವದು. ಈ ಎರಡು ಕಾರಣಗಳಿಂದ ನೀರಿನಿಂದಲೇ ಜಲಜನಕವನ್ನು ಪಡೆಯಬೇಕೆಂಬ ವಿಚಾರವು ಮತ್ತೆ ಬಲಗೊಂಡಿದೆ. ಭಾರತ ಸರಕಾರವು 2023ನೆಯ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆಯಿತ್ತು 19,744 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ನುಗಳಷ್ಟು ಉತ್ಪಾದನಾಶಕ್ತಿಯನ್ನು ಪಡೆಯಬೇಕೆಂಬದು ಅದರ ಗುರಿ.

ಮತ್ತೆ ಬಲಗೊಂಡಿದೆ ಎಂದು ನಾವು ಹೇಳಿದ್ದಕ್ಕೆ ಕಾರಣವುಂಟು. ನಾರ್ವೆ ದೇಶದ ವೆಮೋರ್ಕ್ ಎಂಬಲ್ಲಿ 1929ರಲ್ಲಿಯೇ ಜಲಪಾತದ ವಿದ್ಯುತ್ತಿನಿಂದ ನೀರನ್ನು ಒಡೆದು ಗೊಬ್ಬರಕ್ಕಾಗಿ ಜಲಜನಕವನ್ನು ತೆಗೆಯತೊಡಗಿದ್ದರು. ನಮ್ಮ ದೇಶದಲ್ಲಿ 1960ರ ದಶಕದ ಆರಂಭಕ್ಕೆ ಪಂಜಾಬಿನ ನಂಗಲ್ ಗೊಬ್ಬರದ ಕಾರ್ಖಾನೆಯು ಭಾಕ್ರಾ ಆಣೆಕಟ್ಟಿನ ವಿದ್ಯುತ್ತಿನಿಂದ ಇದೇ ಕೆಲಸವನ್ನು ಮಾಡಿತು. ಎಣ್ಣೆ ಅನಿಲಗಳಿಂದ ಜಲಜನಕವನ್ನು ತೆಗೆಯುವದು ಅಗ್ಗವಾದ ಮೇಲೆ ಈ ಪದ್ಧತಿಯು ಹಿಂದೆ ಬಿದ್ದಿತು. ಹೀಗೆ ವೆಚ್ಚದ ದೆಸೆಯಿಂದ ಹಿಂದೆ ಬಿದ್ದದ್ದು ಈಗ ಮುಂದೆ ಬರಬೇಕಾದರೆ ವೆಚ್ಚದ ಲೆಕ್ಕದಲ್ಲಿಯೇ ಗೆಲ್ಲಬೇಕು.

2. ನೀರನ್ನು ಒಡೆಯುವ ಬಗೆ

ಎರಡು ಲೋಹದ ತಗಡುಗಳನ್ನು ನೀರಿನಲ್ಲಿ ಇಳಿಬಿಟ್ಟು ಅವುಗಳಲ್ಲಿ ವಿದ್ಯುತ್ತನ್ನು ಹರಿಯಿಸಿದರೆ ಒಂದು ತಗಡಿನ ಮೇಲೆ ಜಲಜನಕವೂ ಮತ್ತೊಂದರ ಮೇಲೆ ಆಮ್ಲಜನಕವೂ ಗುಳ್ಳೆಗಳಾಗಿ ಏಳುವವು. ಇದನ್ನು 1800ರಲ್ಲಿ ಲಂಡನ್ನಿನ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ತೋರಿಸಿಕೊಟ್ಟರು. ಈ ಕ್ರಿಯೆಗೆ ವಿದ್ಯುದ್ವಿಭಜನೆ ಎಂದು ಹೆಸರು. ತಗಡುಗಳಿಗೆ ವಿದ್ಯುದಗ್ರಗಳೆನ್ನುವರು. ಜಲಜನಕವು ಏಳುವದು ಋಣಾಗ್ರ. ಆಮ್ಲಜನಕವು ಏಳುವದು ಧನಾಗ್ರ.

ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಆದಕಾರಣ ಹಳೆಯ ಹಾಗೂ ನಂಬಿಕೆಯ ಪದ್ಧತಿಯಲ್ಲಿ ನೀರಿಗೆ ನೂರಕ್ಕೆ 25ರಿಂದ 30 ಪಾಲು ಕಾಸ್ಟಿಕ್ ಪೊಟ್ಯಾಶ್ ಎಂಬ ತೀಕ್ಷ್ಣ ಕ್ಷಾರವನ್ನು ಕೂಡಿಸಿ, 80 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ ಕಾಯಿಸಿಡುವರು. ಎರಡು ಅನಿಲಗಳು ಬೆರೆತರೆ ಸ್ಫೋಟವಾಗುವ ಭಯವಿರುವದರಿಂದ ನಡುವೆ ಒಂದು ಪೊರೆಯನ್ನು ಇಡುವರು.

ಒಂದು ಕಿಲೋಗ್ರಾಮು ಜಲಜನಕಕ್ಕೆ ಒಂಬತ್ತು ಕಿಲೋಗ್ರಾಮು ನೀರು ವೆಚ್ಚವಾಗಿ ಎಂಟು ಕಿಲೋಗ್ರಾಮು ಆಮ್ಲಜನಕವು ಜೊತೆಗೆ ಹುಟ್ಟುವದು. ಹರಿಯಬೇಕಾದ ವಿದ್ಯುತ್ತಿನ ಪ್ರಮಾಣವನ್ನು ಫ್ಯಾರಡೇ ಎಂಬ ಪಂಡಿತನು 1830ರ ದಶಕದಲ್ಲಿ ಕಂಡುಹಿಡಿದ ನಿಯಮಗಳು ನಿಶ್ಚಯಿಸುವವು. ಅದನ್ನು ಯಾವ ಚಮತ್ಕಾರದಿಂದಲೂ ಕಡಿಮೆ ಮಾಡಲಾಗದು. ಆದರೆ ಆ ವಿದ್ಯುತ್ತನ್ನು ಎಷ್ಟು ವೋಲ್ಟಿನ ಒತ್ತಡದಿಂದ ನೂಕಬೇಕೆಂಬದು ನಮ್ಮ ಕೈಯಲ್ಲಿದೆ. ಸಾಧಾರಣ ಉಷ್ಣತೆಯಲ್ಲಿ ಶಾಸ್ತ್ರದ ಪ್ರಕಾರ 1.23 ವೋಲ್ಟು ಸಾಕು. ನಡೆಯುವ ಯಂತ್ರಗಳಲ್ಲಿ 1.8ರಿಂದ 2 ವೋಲ್ಟಿನವರೆಗೆ ಬೇಕಾಗುವದು. ಈ ಹೆಚ್ಚಿನ ಒತ್ತಡದಲ್ಲಿ ಬಹುಭಾಗವು ಶಾಖವಾಗಿ ವ್ಯರ್ಥವಾಗುವದು.

ಇಲ್ಲಿ ಒಂದು ಅಂಕೆಯನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುವೆವು. ಒತ್ತಡವು ಒಂದು ವೋಲ್ಟಿನ ಹತ್ತನೆಯ ಒಂದು ಪಾಲು ಹೆಚ್ಚಿದರೆ ಪ್ರತಿ ಕಿಲೋಗ್ರಾಮು ಜಲಜನಕಕ್ಕೆ ಸುಮಾರು 2.66 ಯೂನಿಟ್ ವಿದ್ಯುತ್ತು ಹೆಚ್ಚು ಖರ್ಚಾಗುವದು. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಕಿಲೋಗ್ರಾಮಿಗೆ 16 ರೂಪಾಯಿ. ಒಂದು ಚೀಲ ಯೂರಿಯಾದ ಜಲಜನಕಕ್ಕೆ 12 ಯೂನಿಟ್ಟು, ಅಂದರೆ 72 ರೂಪಾಯಿ.

3. ಲೇಪದ ಕೆಲಸವೇನು?

ಬರಿಯ ಉಕ್ಕಿನ ತಗಡು ಕೂಡ ನೀರನ್ನು ಒಡೆಯಬಲ್ಲದು. ಆದರೆ ಅದರ ಮೇಲೆ ಗುಳ್ಳೆಯು ಏಳಬೇಕಾದರೆ ಹೆಚ್ಚಿನ ಒತ್ತಡವು ಬೇಕು. ತಗಡಿನ ಮೇಲೆ ಯೋಗ್ಯವಾದ ವಸ್ತುವನ್ನು ಲೇಪಿಸಿದರೆ ಕ್ರಿಯೆಯು ಸುಲಭವಾಗುವದು; ಇಂಥ ವಸ್ತುವಿಗೆ ವೇಗವರ್ಧಕ ಎಂದು ಹೆಸರು. ಅದು ಎರಡು ರೀತಿಯಿಂದ ಸಹಾಯ ಮಾಡುವದು. ಒಂದು, ಅದರ ಸ್ವಭಾವದಿಂದಲೇ ಕ್ರಿಯೆಯು ತ್ವರೆಗೊಳ್ಳುವದು. ಎರಡು, ಸೂಕ್ಷ್ಮ ರಂಧ್ರಗಳಿಂದ ಕೂಡಿದ ಲೇಪವು ಅಂಗೈಯಗಲದ ತಗಡಿನಲ್ಲಿ ಒಂದು ಅಂಗಳದಷ್ಟು ಮೈಯನ್ನು ಅಡಗಿಸಿಡುವದು.

ಬೆಲೆಬಾಳುವ ಲೇಪಗಳಲ್ಲಿ ಪ್ಲಾಟಿನಮ್ ಮತ್ತು ಇರಿಡಿಯಮ್ ಮುಖ್ಯವಾದವು. ಕ್ಷಾರದ ಬದಲಿಗೆ ಆಮ್ಲಗುಣದ ಪೊರೆಯನ್ನು ಬಳಸುವ ಹೊಸ ಜಾತಿಯ ಯಂತ್ರಗಳಿಗೆ ಇವು ಬೇಕೇಬೇಕು, ಏಕೆಂದರೆ ಅಲ್ಲಿ ಸಾಮಾನ್ಯ ಲೋಹಗಳು ಕರಗಿಹೋಗುವವು. ಆದರೆ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಗಣಿಗಳಿಂದ ಬರುವ ಇರಿಡಿಯಮ್ ಸುಮಾರು ಏಳೆಂಟು ಟನ್ನು ಮಾತ್ರ. ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕೆಯದು.

ಆದಕಾರಣ ಕ್ಷಾರದ ಯಂತ್ರಗಳಿಗೆ ನಿಕ್ಕಲ್ ಆಧಾರವಾಯಿತು. ನಿಕ್ಕಲ್ಲು ತೀಕ್ಷ್ಣ ಕ್ಷಾರದಲ್ಲಿಯೂ ತಾಳುವದು, ಬೆಲೆಯೂ ಕೈಗೆಟಕುವದು. ಅಮೇರಿಕದ ಮರ್ರೇ ರೇನೀ ಎಂಬವನು 1920ರ ದಶಕದಲ್ಲಿ ಒಂದು ಯುಕ್ತಿಯನ್ನು ಕಂಡುಹಿಡಿದನು. ನಿಕ್ಕಲ್ಲನ್ನೂ ಅಲ್ಯುಮಿನಿಯಮ್ಮನ್ನೂ ಕರಗಿಸಿ ಕೂಡಿಸಿ, ಆ ಬಳಿಕ ಅಲ್ಯುಮಿನಿಯಮ್ಮನ್ನು ಕಾಸ್ಟಿಕ್ಕಿನಲ್ಲಿ ತೊಳೆದು ತೆಗೆದರೆ ಸ್ಪಂಜಿನಂಥ ನಿಕ್ಕಲ್ಲು ಉಳಿಯುವದು. ಅವನಿಗೆ ಬೇಕಾಗಿದ್ದದ್ದು ಎಣ್ಣೆಯನ್ನು ಜಲಜನಕದಿಂದ ಗಟ್ಟಿಮಾಡುವ ಸಾಧನ. ನಮ್ಮ ವನಸ್ಪತಿಯು ಹುಟ್ಟುವದೂ ಇಂಥ ಕ್ರಿಯೆಯಿಂದಲೇ. ಅದೇ ಸ್ಪಂಜಿನ ನಿಕ್ಕಲ್ಲು ಮುಂದೆ ಋಣಾಗ್ರದ ಲೇಪವಾಗಿ ಬಳಕೆಗೆ ಬಂದಿತು.

ಧನಾಗ್ರದ ಕಥೆಯು ಇನ್ನೂ ಸ್ವಾರಸ್ಯವಾದದ್ದು. ನಿಕ್ಕಲ್ಲಿನ ಧನಾಗ್ರವು ಕೆಲವೊಮ್ಮೆ ತಾನಾಗಿಯೇ ಚುರುಕಾಗುತ್ತಿದ್ದಿತು. ಕಾಸ್ಟಿಕ್ಕಿನಲ್ಲಿ ಕಲ್ಮಷವಾಗಿ ಸೇರಿರುವ ಲೇಶಮಾತ್ರ ಕಬ್ಬಿಣವು ನಿಕ್ಕಲ್ಲಿನ ಮೈಯಲ್ಲಿ ಬೆರೆಯುವದೇ ಇದಕ್ಕೆ ಕಾರಣವೆಂಬದನ್ನು ಕಾರ್ರಿಗನ್ ಎಂಬ ವಿಜ್ಞಾನಿಯು 1987ರಲ್ಲಿ ಸ್ಪಷ್ಟಪಡಿಸಿದನು. ಅಂದಿನಿಂದ ನಿಕ್ಕಲ್ಲು ಕಬ್ಬಿಣಗಳ ಲೇಪವು ಅಗ್ಗದ ಧನಾಗ್ರಗಳಲ್ಲಿ ಅಗ್ರಸ್ಥಾನವನ್ನು ಪಡೆದಿದೆ. ಮೊಳೆಗೂ ಕುಡಗೋಲಿಗೂ ಬಳಸುವ ಕಬ್ಬಿಣವು ಬೆಲೆಬಾಳುವ ಲೋಹದ ಕೆಲಸವನ್ನು ಮಾಡುವದೆಂದರೆ ಯಾರಿಗೆ ಸಂತೋಷವಾಗದು!

4. ಲೇಪವು ಕೆಡುವ ದಾರಿಗಳು

ಅಗ್ಗದ ಲೇಪಗಳು ಇಷ್ಟು ಒಳ್ಳೆಯವಾಗಿದ್ದರೆ ತೊಡಕೆಲ್ಲಿ? ತೊಡಕು ದಿನ ಕಳೆದಂತೆ ಕಾಣುವದು. ಕೆಡುವ ದಾರಿಗಳನ್ನು ಒಂದೊಂದಾಗಿ ಹೇಳುವೆವು.

ಮೊದಲನೆಯದು, ಕಿತ್ತುಹೋಗುವದು. ತಗಡಿನ ಮೇಲೆ ಎಣ್ಣೆಯ ಜಿಡ್ಡಾಗಲಿ ತುಕ್ಕಾಗಲಿ ಉಳಿದಿದ್ದರೆ ಲೇಪವು ಹಿಡಿಯದು. ಕಲಾಯಿಗಾರನು ಪಾತ್ರೆಯನ್ನು ಮೊದಲು ತಿಕ್ಕುತ್ತಿದ್ದದ್ದು ಇದಕ್ಕಾಗಿಯೇ. ಹಿಡಿದ ಲೇಪವೂ ಕೂಡ ನಿಶ್ಚಿಂತೆಯಿಂದಿರುವ ಹಾಗಿಲ್ಲ. ರಂಧ್ರಗಳೊಳಗೆ ಹುಟ್ಟಿದ ಗುಳ್ಳೆಗಳು ಹೊರಗೆ ಬರುವಾಗ ಅದನ್ನು ಎಡೆಬಿಡದೆ ಎಳೆಯುವವು. ಯಂತ್ರವು ಬಿಸಿಯಾಗಿ ತಣ್ಣಗಾಗುವಾಗ ತಗಡು ಒಂದು ಪ್ರಮಾಣದಲ್ಲಿಯೂ ಲೇಪವು ಮತ್ತೊಂದು ಪ್ರಮಾಣದಲ್ಲಿಯೂ ಹಿಗ್ಗಿ ಕುಗ್ಗುವವು. ಬರಬರುತ್ತ ಸೂಕ್ಷ್ಮವಾದ ಸೀಳುಗಳು ಬಿದ್ದು ಹೊಪ್ಪಳಿಕೆಗಳು ಏಳುವವು.

ಎರಡನೆಯದು, ಕರಗಿಹೋಗುವದು. ನಿಕ್ಕಲ್ಲು ಕಬ್ಬಿಣಗಳ ಧನಾಗ್ರದಿಂದ ಕಬ್ಬಿಣವು ಸ್ವಲ್ಪ ಸ್ವಲ್ಪವಾಗಿ ದ್ರವದೊಳಗೆ ಇಳಿಯುವದು. ದ್ರವದಲ್ಲಿರುವ ಕಬ್ಬಿಣದ ಲೇಶವು ಮತ್ತೆ ಲೇಪಕ್ಕೆ ಸೇರುವದೂ ಉಂಟು. ಹೋಗುವದಕ್ಕೂ ಬರುವದಕ್ಕೂ ಸಮತೋಲವಿದ್ದಷ್ಟು ದಿನ ಮಾತ್ರ ಲೇಪವು ಚುರುಕಾಗಿರುವದು. ಋಣಾಗ್ರಕ್ಕೆ ಹೆಸರಾದ ನಿಕ್ಕಲ್ಲು ಮಾಲಿಬ್ಡಿನಮ್ ಲೇಪದಿಂದ, ವಿದ್ಯುತ್ತು ನಿಂತು ತಗಡು ಸುಮ್ಮನೆ ಕ್ಷಾರದಲ್ಲಿ ಮುಳುಗಿರುವಾಗ, ಮಾಲಿಬ್ಡಿನಮ್ ಕರಗಿಹೋಗುವದು.

ಮೂರನೆಯದು, ಮುಚ್ಚಿಹೋಗುವದು. ಯಂತ್ರದ ಉಕ್ಕಿನ ಭಾಗಗಳಿಂದ ಕರಗಿದ ಕಬ್ಬಿಣವು ಋಣಾಗ್ರದ ಮೇಲೆ ಹೋಗಿ ಕೂಡ್ರುವದು. ನೀರು ಶುದ್ಧವಾಗಿರದಿದ್ದರೆ ಸುಣ್ಣ ಮೆಗ್ನೀಸಿಯಮ್ಮುಗಳ ಬಿಳಿಯ ಪದರವು ಕಟ್ಟುವದು. ಬೋರವೆಲ್ಲಿನ ಗಡಸು ನೀರನ್ನು ಕಾಯಿಸಿದ ಹಂಡೆಯ ತಳವನ್ನು ನೋಡಿದವರಿಗೆ ಈ ಪದರದ ಪರಿಚಯವುಂಟು. ಸ್ಪಂಜಿನ ರಂಧ್ರಗಳು ಮುಚ್ಚಿದರೆ ಅಂಗಳದಷ್ಟಿದ್ದ ಮೈ ಮತ್ತೆ ಅಂಗೈಯಷ್ಟಾಗುವದು.

ನಾಲ್ಕನೆಯದು, ಒಳಗಿನಿಂದ ಬದಲಾಗುವದು. ಬಹುಕಾಲ ಕೆಲಸ ಮಾಡಿದ ನಿಕ್ಕಲ್ಲಿನ ಋಣಾಗ್ರದೊಳಕ್ಕೆ ಜಲಜನಕವೇ ನುಗ್ಗಿ ಒಂದು ಹೊಸ ಸಂಯುಕ್ತವಾಗುವದು. ಕಣ್ಣಿಗೆ ಏನೂ ಕಾಣಿಸದಿದ್ದರೂ ತಗಡು ಮಂದವಾಗುವದು.

ಐದನೆಯದು, ನಿಲ್ಲಿಸುವಾಗ ಆಗುವ ಪೆಟ್ಟು. ದೊಡ್ಡ ಯಂತ್ರಗಳಲ್ಲಿ ನೂರಾರು ತಗಡುಗಳನ್ನು ಸಾಲಾಗಿ ಜೋಡಿಸಿ ಒಂದೇ ದ್ರವವನ್ನು ಎಲ್ಲದರಲ್ಲಿಯೂ ಹರಿಯಿಸುವರು. ಹೊರಗಿನ ವಿದ್ಯುತ್ತು ನಿಂತಕೂಡಲೆ ಆ ಸಾಲು ಸ್ವಲ್ಪಹೊತ್ತು ತಾನೇ ಬ್ಯಾಟರಿಯಂತೆ ವರ್ತಿಸಿ ಪ್ರವಾಹವನ್ನು ಹಿಂದುಮುಂದಾಗಿ ಹರಿಯಿಸುವದು. ಆಗ ಋಣಾಗ್ರದ ಲೇಪವು ಧನಾಗ್ರದಂತೆ ಹಿಂಸೆಪಟ್ಟು ಉತ್ಕರ್ಷಿತವಾಗುವದು, ಅಂದರೆ ಆಮ್ಲಜನಕದೊಡನೆ ಕೂಡಿ ಕೆಡುವದು. ಮಾರನೆಯ ದಿನ ಮತ್ತೆ ನಡೆಯಿಸಿದರೆ ಮೊದಲಿನ ರೂಪಕ್ಕೆ ಬರುವದು; ಆದರೆ ಪ್ರತಿಸಲವೂ ಪೂರ್ತಿಯಾಗಿ ಬಾರದು.

ಈ ಐದನೆಯ ದಾರಿಯು ನಮಗೆ ವಿಶೇಷವಾಗಿ ಮುಖ್ಯವಾದದ್ದು. ಜಲಪಾತದ ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನು ಹಗಲಿರುಳು ನಿಲ್ಲಿಸದೆ ನಡೆಯಿಸಬಹುದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರಕ್ಷೇತ್ರವಿದೆ. ಅಂಥ ಬಿಸಿಲಿನ ವಿದ್ಯುತ್ತನ್ನೇ ನಂಬಿದ ಯಂತ್ರವು ದಿನಕ್ಕೊಮ್ಮೆಯಾದರೂ ನಿಲ್ಲತಕ್ಕದ್ದು. ಇಪ್ಪತ್ತು ವರ್ಷಗಳಲ್ಲಿ 7,300 ಸಲ ನಿಂತು 7,300 ಸಲ ನಡೆಯಬೇಕು. ಯಾವ ಅಗ್ಗದ ಲೇಪವು ಇದನ್ನು ತಾಳುವದೋ ಅದೇ ನಮ್ಮ ಬಿಸಿಲಿಗೆ ತಕ್ಕ ಲೇಪವು.

5. ಸ್ವಲ್ಪ ಗಣಿತ

ಎರಡು ಲೇಪಗಳಿವೆಯೆಂದು ಊಹಿಸೋಣ. ಮೊದಲನೆಯ ಲೇಪದ ಯಂತ್ರವು ಪ್ರಾರಂಭದ ದಿನ 1.80 ವೋಲ್ಟಿನಲ್ಲಿ ನಡೆಯುವದು. ಆದರೆ ತಾಸಿಗೆ ವೋಲ್ಟಿನ ಹತ್ತು ಲಕ್ಷದಲ್ಲಿ 20 ಪಾಲು ಏರುತ್ತ ಹೋಗುವದು. ಎರಡನೆಯದು 1.85 ವೋಲ್ಟಿನಲ್ಲಿ ಪ್ರಾರಂಭವಾಗುವದು. ಏರುವದು ತಾಸಿಗೆ ಹತ್ತು ಲಕ್ಷದಲ್ಲಿ 2 ಪಾಲು ಮಾತ್ರ. ಯಾವದು ಒಳ್ಳೆಯದು?

ನೂರು ತಾಸು ನಡೆಯಿಸಿ ನೋಡಿದವನು ಮೊದಲನೆಯದನ್ನೇ ಹೊಗಳುವನು. ನೂರು ತಾಸಿನಲ್ಲಿ ಅದು ಏರಿದ್ದು ವೋಲ್ಟಿನ ಸಾವಿರದಲ್ಲಿ 2 ಪಾಲು; ಕೋಣೆಯ ಉಷ್ಣತೆಯು ಸ್ವಲ್ಪ ಬದಲಾದರೂ ಅಷ್ಟು ಅಂತರವಾಗಬಹುದು. ಹೀಗಾಗಿ ಅವನು ಪ್ರಾಮಾಣಿಕನಾಗಿಯೇ ‘ಏನೂ ಕೆಟ್ಟಿಲ್ಲ’ ಎಂದು ಬರೆಯುವನು. ಆದರೆ ಸುಮಾರು 2,780 ತಾಸುಗಳಾದಾಗ, ಅಂದರೆ ನಾಲ್ಕು ತಿಂಗಳು ತುಂಬುವದರೊಳಗಾಗಿ, ಎರಡೂ ಸಮನಾಗುವವು. ಒಂದು ವರ್ಷ, ಅಂದರೆ 8,760 ತಾಸು, ಎಡೆಬಿಡದೆ ನಡೆದ ಮೇಲೆ ಮೊದಲನೆಯದು 1.975 ವೋಲ್ಟಿಗೆ ಏರಿರುವದು, ಎರಡನೆಯದು 1.868ರಲ್ಲಿರುವದು. ಈಗ ಮೊದಲನೆಯದರಿಂದ ಪ್ರತಿ ಕಿಲೋಗ್ರಾಮಿಗೆ ಸುಮಾರು 2.9 ಯೂನಿಟ್ಟು, ಅಂದರೆ 17 ರೂಪಾಯಿ, ನಷ್ಟವಾಗುತ್ತಿರುವದು. ಇದರ ಮೇಲೆ ಯಂತ್ರವನ್ನು ಬಿಚ್ಚಿ ಹೊಸ ಲೇಪವನ್ನು ಹಾಕಿಸುವ ಕೂಲಿಯೂ, ಆ ದಿನಗಳಲ್ಲಿ ಕೆಲಸ ನಿಂತ ಹಾನಿಯೂ ಸೇರಬೇಕು.

ಈ ಅಂಕೆಗಳು ಉದಾಹರಣೆಗಾಗಿ ಕಲ್ಪಿಸಿದವು. ಆದರೆ ಗಣಿತದ ರೀತಿಯು ನಿಜವಾದದ್ದು. ವ್ಯಾಪಾರದ ಕ್ಷಾರಯಂತ್ರಗಳಿಂದ ಅರವತ್ತು ಸಾವಿರ ತಾಸುಗಳಿಗೆ ಮೀರಿದ ಬಾಳಿಕೆಯನ್ನು ಅಪೇಕ್ಷಿಸುವರು. ಅಂಥ ಆಯುಷ್ಯದ ಮುಂದೆ ನೂರು ತಾಸಿನ ಪರೀಕ್ಷೆಯೆಂದರೆ ಮದುವೆಯ ದಿನದ ಸೊಗಸನ್ನು ನೋಡಿ ಇಡೀ ಸಂಸಾರದ ಸುಖವನ್ನು ಹೇಳಿದಂತೆಯೇ ಸರಿ. ಅಗ್ಗವೆಂಬ ಮಾತಿಗೆ ಕೊಳ್ಳುವಾಗಿನ ಬೆಲೆಯೊಂದೇ ಅರ್ಥವಲ್ಲ; ಬಾಳಿದ ವರ್ಷಗಳಿಂದ ಭಾಗಿಸಿದ ಬೆಲೆಯೇ ಅದರ ಅರ್ಥ.

6. ಕಾಸ್ಟಿಕ್ ಸೋಡಾದ ಉದ್ಯಮವು ಕಲಿಸಿದ ಪಾಠ

ಬಾಳುವ ಲೇಪವನ್ನು ಸಾಧಿಸಿದ ಉದಾಹರಣೆಯು ಇಲ್ಲವೆಂದು ತಿಳಿಯಬಾರದು. ನಮ್ಮ ಕರ್ನಾಟಕದಲ್ಲಿ ಕಾರವಾರದ ಹತ್ತಿರ ಬಿಣಗಾದಲ್ಲಿ ಕಾಸ್ಟಿಕ್ ಸೋಡಾದ ಕಾರ್ಖಾನೆಯುಂಟು. ಇಂಥ ಕಾರ್ಖಾನೆಗಳಲ್ಲಿ ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹರಿಯಿಸಿ ಕಾಸ್ಟಿಕ್ ಸೋಡಾವನ್ನೂ ಕ್ಲೋರಿನ್ ಅನಿಲವನ್ನೂ ಪಡೆಯುವರು. ಜೊತೆಗೆ ಜಲಜನಕವೂ ತಾನಾಗಿ ಹುಟ್ಟುವದು. ಒಂದು ಟನ್ನು ಕಾಸ್ಟಿಕ್ ಸೋಡಾಕ್ಕೆ ಸುಮಾರು 25 ಕಿಲೋಗ್ರಾಮು ಜಲಜನಕ. ಆದಕಾರಣ ವಿದ್ಯುತ್ತಿನಿಂದ ಹುಟ್ಟಿದ ಜಲಜನಕವು ನಮ್ಮ ನಾಡಿಗೆ ಹೊಸದಲ್ಲ.

ಈ ಉದ್ಯಮದಲ್ಲಿ ಹಿಂದೆ ಗ್ರಾಫೈಟಿನ ಧನಾಗ್ರಗಳಿದ್ದವು. ಅವು ದಿನದಿನಕ್ಕೆ ಸವೆದು ತೆಳ್ಳಗಾಗುತ್ತಿದ್ದವು. ಸವೆದಷ್ಟೂ ಎರಡು ಅಗ್ರಗಳ ನಡುವಿನ ಅಂತರವು ಹೆಚ್ಚಿ ವಿದ್ಯುತ್ತು ಹೆಚ್ಚಾಗಿ ಸುಡುತ್ತಿದ್ದಿತು. 1960ರ ದಶಕದಲ್ಲಿ ಹೆನ್ರಿ ಬೀರ್ ಎಂಬವನು ಟೈಟಾನಿಯಮ್ ತಗಡಿನ ಮೇಲೆ ರುಥೇನಿಯಮ್ಮಿನ ಆಕ್ಸೈಡನ್ನು ತೆಳುವಾಗಿ ಬಳಿದು ಸುಟ್ಟು ಒಂದು ಹೊಸ ಧನಾಗ್ರವನ್ನು ಮಾಡಿದನು. ಇಟಲಿಯ ಡಿ ನೋರಾ ಸಂಸ್ಥೆಯು ಅದನ್ನು ಉದ್ಯಮಕ್ಕೆ ತಂದಿತು. ಅದು ವರ್ಷಗಟ್ಟಲೆ ಆಕಾರಗೆಡದೆ ಬಾಳಿ ಗ್ರಾಫೈಟನ್ನು ಮೂಲೆಗೊತ್ತಿತು. ರುಥೇನಿಯಮ್ಮು ಅಗ್ಗದ ಲೋಹವಲ್ಲ. ಆದರೂ ತೆಳುವಾದ ಪದರವೊಂದೇ ಬಹುಕಾಲ ಬಾಳಿದ್ದರಿಂದ ಅದು ಅಗ್ಗದ ಗ್ರಾಫೈಟಿಗಿಂತ ಅಗ್ಗವಾಯಿತು. ಲೇಪವು ಸವೆದ ಮೇಲೆ ತಗಡನ್ನು ಬಿಸಾಡದೆ ಮತ್ತೆ ಲೇಪಿಸುವರು, ನಮ್ಮ ಪಾತ್ರೆಗೆ ಮರಳಿ ಕಲಾಯಿ ಹಾಕಿಸುವಂತೆ. 1953ರಲ್ಲಿ ತಮಿಳುನಾಡಿನ ಕಾರೈಕುಡಿಯಲ್ಲಿ ಆರಂಭವಾದ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯವು ಇಂಥ ಟೈಟಾನಿಯಮ್ ಧನಾಗ್ರಗಳನ್ನು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿತು.

ಆ ಲೇಪಗಳ ಸಾವನ್ನೂ ಉದ್ಯಮಿಗಳು ಚೆನ್ನಾಗಿ ಅಭ್ಯಸಿಸಿದರು. ಲೇಪವು ಕರಗಿ ತೆಳುವಾಗುವದೊಂದು. ಲೇಪದ ಕೆಳಗೆ ಟೈಟಾನಿಯಮ್ಮೇ ಉತ್ಕರ್ಷಿತವಾಗಿ ವಿದ್ಯುತ್ತನ್ನು ತಡೆಯುವ ಪದರವಾಗುವದು ಮತ್ತೊಂದು. ಎರಡನೆಯದರಲ್ಲಿ ಮೇಲಿನ ಲೇಪವು ಉಳಿದಿದ್ದರೂ ತಗಡು ಸತ್ತಂತೆಯೇ. ಯಂತ್ರವನ್ನು ನಿಲ್ಲಿಸುವಾಗ ಪ್ರವಾಹವು ತಿರುಗಿ ಹರಿಯದಂತೆ ಸಣ್ಣದೊಂದು ವಿದ್ಯುತ್ತನ್ನು ಕೊಡುತ್ತಿರುವ ಉಪಾಯವನ್ನೂ ಅವರು ಕಲಿತರು. ಈ ಅನುಭವವೆಲ್ಲ ಈಗ ಜಲಜನಕದ ಯಂತ್ರಗಳಿಗೆ ಉಪಯೋಗವಾಗುತ್ತಿದೆ.

7. ನ್ಯಾಯವಾದ ಪರೀಕ್ಷೆ ಯಾವದು?

ಅರವತ್ತು ಸಾವಿರ ತಾಸೆಂದರೆ ಸುಮಾರು ಏಳು ವರ್ಷಗಳು. ಪ್ರತಿಯೊಂದು ಹೊಸ ಲೇಪಕ್ಕೂ ಏಳು ವರ್ಷ ಕಾಯುವದು ಸಾಧ್ಯವಲ್ಲ. ಆದುದರಿಂದ ವಿಜ್ಞಾನಿಗಳು ತ್ವರಿತ ಪರೀಕ್ಷೆಯನ್ನು ಮಾಡುವರು: ಹೆಚ್ಚು ಪ್ರವಾಹ, ಹೆಚ್ಚು ಉಷ್ಣತೆ, ದಿನಕ್ಕೆ ನೂರಾರು ಸಲ ನಿಲ್ಲಿಸಿ ನಡೆಯಿಸುವದು. ಇದರಲ್ಲಿಯೂ ವಿವೇಕವು ಬೇಕು. ಅತಿಯಾದ ಹಿಂಸೆಯಿಂದ ಲೇಪವು ಬೇರೊಂದು ದಾರಿಯಿಂದ ಸತ್ತರೆ ನಿಜವಾದ ಯಂತ್ರದಲ್ಲಿ ಅದು ಹೇಗೆ ಸಾಯುವದೆಂಬದು ತಿಳಿಯದೆ ಹೋಗುವದು.

ಬಾಳಿಕೆಯ ವಿಷಯವಾಗಿ ಯಾರಾದರೂ ಹೇಳಿಕೆಯನ್ನು ಮುಂದಿಟ್ಟರೆ ಕೇಳತಕ್ಕ ಪ್ರಶ್ನೆಗಳು ಇವು. ಎಷ್ಟು ತಾಸು ನಡೆಯಿಸಿದ್ದೀರಿ? ಚದರ ಸೆಂಟಿಮೀಟರಿಗೆ ಎಷ್ಟು ಪ್ರವಾಹವಿದ್ದಿತು? ಕ್ಷಾರದ ತೀಕ್ಷ್ಣತೆಯೂ ಉಷ್ಣತೆಯೂ ಕಾರ್ಖಾನೆಯಲ್ಲಿರುವಷ್ಟೇ ಇದ್ದವೋ? ಎಷ್ಟು ಸಲ ನಿಲ್ಲಿಸಿದ್ದೀರಿ? ಕೊನೆಯಲ್ಲಿ ದ್ರವದಲ್ಲಿ ಯಾವ ಲೋಹವು ಎಷ್ಟು ಕರಗಿದ್ದಿತು? ಲೇಪವು ಉಗುರಗಲದ ತುಂಡಿನ ಮೇಲಿದ್ದಿತೋ ಬಾಗಿಲಗಲದ ತಗಡಿನ ಮೇಲಿದ್ದಿತೋ? ಉಗುರಗಲದಲ್ಲಿ ಸಮನಾಗಿ ಹಿಡಿದ ಲೇಪವು ಬಾಗಿಲಗಲದಲ್ಲಿಯೂ ಸಮನಾಗಿ ಹಿಡಿಯುವದೆಂಬ ಭರವಸೆಯಿಲ್ಲ. ಎಲ್ಲಿ ಒಂದು ಸೂಜಿಯ ಮೊನೆಯಷ್ಟು ಜಾಗವು ಬರಿದಾಗಿ ಉಳಿಯುವದೋ ಅಲ್ಲಿಂದಲೇ ಕೇಡು ಪ್ರಾರಂಭವಾಗುವದು.

8. ನಮ್ಮ ನಾಡಿನ ಪ್ರಯತ್ನಗಳೂ ನಮ್ಮ ಸೀಮೆಯೂ

ಕರ್ನಾಟಕದಲ್ಲಿ ಈ ದಿಶೆಯಲ್ಲಿ ಕೆಲಸವು ಭರದಿಂದ ಸಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಆಚಾರ್ಯ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ ನೀರನ್ನು ಒಡೆಯುವ ಅಗ್ಗದ ವೇಗವರ್ಧಕಗಳ ವಿಷಯವಾಗಿ ಬಹುವಾಗಿ ಶ್ರಮಿಸಿದ್ದಾರೆ. ಆಮ್ಲಗುಣದ ಪೊರೆಯ ಯಂತ್ರಗಳನ್ನು ಕಟ್ಟುವ ಓಮಿಯಮ್ ಎಂಬ ಸಂಸ್ಥೆಯು 2021ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಾಗಿ ವರ್ಷಕ್ಕೆ 3,800 ಟನ್ನು ಜಲಜನಕವನ್ನು ಕೊಡತಕ್ಕ ಸ್ಥಾವರವನ್ನು ಜೆ. ಎಸ್. ಡಬ್ಲ್ಯೂ. ಸಂಸ್ಥೆಯು 2025ರಲ್ಲಿ ನಡೆಯಿಸಲಾರಂಭಿಸಿತು.

ನಮ್ಮ ಸೀಮೆಗೆ ಬರೋಣ. ಕೃಷ್ಣೆಯ ದಂಡೆಯಲ್ಲಿ ಕಬ್ಬೂ, ಕಬ್ಬನ್ನು ನಂಬಿದ ಸಕ್ಕರೆ ಕಾರ್ಖಾನೆಗಳೂ ಇವೆ. ಉಗಾರ ಖುರ್ದದ ಕಾರ್ಖಾನೆಯು 1939ರಲ್ಲಿಯೇ ಸ್ಥಾಪಿತವಾದದ್ದು. ಕಬ್ಬಿನ ಸಿಪ್ಪೆಯನ್ನು ಸುಟ್ಟು ವಿದ್ಯುತ್ತನ್ನು ಮಾಡುವದನ್ನು ನಾವೆಲ್ಲ ಕಂಡಿದ್ದೇವೆ. ಆ ವಿದ್ಯುತ್ತಿನಿಂದ ಜಲಜನಕವನ್ನು ಮಾಡಬಹುದಲ್ಲವೇ ಎಂದು ವಿದ್ಯಾರ್ಥಿನಿಯರು ಕೇಳಬಹುದು. ತತ್ತ್ವತಃ ಆಗತಕ್ಕದ್ದೇ. ಆದರೆ ಎರಡು ಮಾತುಗಳನ್ನು ಮರೆಯಬಾರದು. ಕಬ್ಬು ನುರಿಸುವ ಹಂಗಾಮು ಕೆಲವು ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಯಂತ್ರವು ಕ್ಷಾರದಲ್ಲಿ ಸುಮ್ಮನೆ ಮುಳುಗಿ ನಿಂತರೆ ಲೇಪಕ್ಕೆ ಏನಾಗುವದೆಂಬದನ್ನು ಮೇಲೆ ಹೇಳಿದ್ದೇವೆ. ಮತ್ತು ಇಲ್ಲಿಯ ಬೋರವೆಲ್ಲಿನ ನೀರನ್ನು ಹಾಗೆಯೇ ಯಂತ್ರಕ್ಕೆ ಹಾಕುವಂತಿಲ್ಲ. ಅದನ್ನು ಮೊದಲು ಪೂರ್ಣವಾಗಿ ಶುದ್ಧಗೊಳಿಸಬೇಕು. ಬೇಸಿಗೆಯಲ್ಲಿ ಕೊಡಕ್ಕಾಗಿ ಸರದಿ ನಿಲ್ಲುವ ಊರಿನಲ್ಲಿ ಒಂದು ಕಿಲೋಗ್ರಾಮು ಜಲಜನಕಕ್ಕೆ ಒಂಬತ್ತು ಕಿಲೋಗ್ರಾಮು ಶುದ್ಧ ನೀರೆಂಬದು ಸಣ್ಣ ಮಾತಲ್ಲ. ಯಾವ ಯೋಜನೆಯು ಬಂದರೂ ಊರಿನವರು ನೀರಿನ ಲೆಕ್ಕವನ್ನೂ ಲೇಪದ ಬಾಳಿಕೆಯನ್ನೂ ಮೊದಲು ವಿಚಾರಿಸತಕ್ಕದ್ದು.

9. ಮನೆಯಲ್ಲಿ ನೋಡತಕ್ಕ ಒಂದು ಪ್ರಯೋಗ

ಕಿಟಕಿಯನ್ನು ತೆರೆದಿಟ್ಟು, ಒಲೆ ದೀಪಗಳಿಂದ ದೂರದಲ್ಲಿ, ದೊಡ್ಡವರೊಬ್ಬರ ಎದುರಿನಲ್ಲಿ ಇದನ್ನು ಮಾಡಬೇಕು. ಗಾಜಿನ ಲೋಟದಲ್ಲಿ ನೀರು ಹಾಕಿ ಒಂದು ಚಿಟಿಕೆ ಬಟ್ಟೆಯ ಸೋಡಾವನ್ನು ಕರಗಿಸಿರಿ. ಎರಡು ಪೆನ್ಸಿಲುಗಳನ್ನು ಎರಡೂ ತುದಿಗಳಲ್ಲಿ ಕೆತ್ತಿ, 9 ವೋಲ್ಟಿನ ಬ್ಯಾಟರಿಗೆ ತಂತಿಯಿಂದ ಜೋಡಿಸಿ, ಕೆಳತುದಿಗಳನ್ನು ನೀರಿನಲ್ಲಿ ಇಳಿಸಿರಿ. ಋಣದ ಕಡೆಗೆ ಗುಳ್ಳೆಗಳು ಹೆಚ್ಚಾಗಿ ಏಳುವವು, ಅದೇ ಜಲಜನಕ. ಹೊತ್ತು ಹೋದಂತೆ ಧನದ ಕಡೆಯ ಪೆನ್ಸಿಲಿನ ತುದಿಯಿಂದ ಕರಿಯ ಪುಡಿಯು ಉದುರುವದನ್ನು ಕಾಣಬಹುದು. ಹಳೆಯ ಕಾರ್ಖಾನೆಗಳ ಗ್ರಾಫೈಟು ಸವೆಯುತ್ತಿದ್ದದ್ದು ಇದೇ ರೀತಿ. ಅಡಿಗೆಯ ಉಪ್ಪನ್ನು ಎಂದಿಗೂ ಹಾಕಬಾರದು, ವಿಷಾನಿಲವಾದ ಕ್ಲೋರಿನ್ ಏಳುವದು. ಅನಿಲವನ್ನು ಬಾಟಲಿಯಲ್ಲಿ ಹಿಡಿದಿಡುವ ಸಾಹಸವನ್ನೂ ಮಾಡಬಾರದು. ಹತ್ತು ನಿಮಿಷಗಳಲ್ಲಿ ಮುಗಿಸಿ ನೀರನ್ನು ಚೆಲ್ಲಬೇಕು.

10. ಅಭ್ಯಾಸಕ್ಕಾಗಿ ಪ್ರಶ್ನೆಗಳು

(1) ಒಂದು ಯಂತ್ರದ ಒತ್ತಡವು ತಾಸಿಗೆ ವೋಲ್ಟಿನ ಹತ್ತು ಲಕ್ಷದಲ್ಲಿ 5 ಪಾಲು ಏರಿದರೆ, 20,000 ತಾಸುಗಳ ಬಳಿಕ ಪ್ರತಿ ಕಿಲೋಗ್ರಾಮು ಜಲಜನಕಕ್ಕೆ ಎಷ್ಟು ಯೂನಿಟ್ಟು ಹೆಚ್ಚು ಬೇಕು?

(2) ಹಗಲು ಮಾತ್ರ ನಡೆಯುವ ಯಂತ್ರದ ಲೇಪವನ್ನು ಹಗಲಿರುಳು ನಡೆಯಿಸಿ ಪರೀಕ್ಷಿಸಿದರೆ ಯಾವ ದೋಷವು ಕಣ್ಣು ತಪ್ಪಿಸುವದು?

(3) ನಿಮ್ಮ ಮನೆಯಲ್ಲಿ ಲೇಪವುಳ್ಳ ಐದು ವಸ್ತುಗಳನ್ನು ಗುರುತಿಸಿರಿ. ಪ್ರತಿಯೊಂದೂ ಕಿತ್ತು ಕೆಟ್ಟಿತೋ, ಕರಗಿ ಕೆಟ್ಟಿತೋ, ಮುಚ್ಚಿಹೋಗಿ ಕೆಟ್ಟಿತೋ ಬರೆಯಿರಿ.

ಮೊದಲನೆಯ ಪ್ರಶ್ನೆಯ ಉತ್ತರವು ಸುಮಾರು 2.66 ಯೂನಿಟ್ಟು. ಉಳಿದೆರಡಕ್ಕೆ ಉತ್ತರವನ್ನು ನಾವು ಇಲ್ಲಿ ಬರೆಯುವದಿಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ತಾಯಂದಿರಾಗಿಯೂ ಶಿಕ್ಷಕಿಯರಾಗಿಯೂ ಇರುವದರಿಂದ ಮಕ್ಕಳೊಡನೆ ಕೂತು ವಿಚಾರಿಸಲೆಂದು ಅವನ್ನು ಬಿಟ್ಟಿದ್ದೇವೆ. ಹೊಸ ವಸ್ತುವೊಂದು ಪೇಟೆಗೆ ಬಂದಾಗ ‘ಎಷ್ಟಕ್ಕೆ?’ ಎಂದು ಎಲ್ಲರೂ ಕೇಳುವರು. ‘ಎಷ್ಟು ದಿನ?’ ಎಂದು ಕೇಳುವ ರೂಢಿಯನ್ನು ಮಕ್ಕಳಿಗೆ ಹತ್ತಿಸಿದರೆ ಈ ಪಾಠದ ಅರ್ಧ ರಸಾಯನಶಾಸ್ತ್ರವು ಅವರಿಗೆ ಬಂದಂತಾಯಿತು.